ಮೂರನೆಯ ಕುರ್ಚಿ

ಗೋಡೆಯ ಮೇಲಿನ ಹಾಳೆಗೆ ಚಿದಂಬರ ಕೈ ಹಾಕಿದ ಕೂಡಲೇ ರುದ್ರಾಣಿ ಮಿಲ್ಲಿನ ಸ್ವಿಚ್ ಆರಿಸಿದಳು. ಬೆಲ್ಟಿನ ಗದ್ದಲ ನಿಂತಿತು. ಡಬ್ಬ ಹಿಡಿದು ಕಾಯುತ್ತಿದ್ದ ಏಳೆಂಟು ಜನ ಅವನತ್ತ ತಿರುಗಿದರು.

"ಕೀಳಿ," ಎಂದಳು ರುದ್ರಾಣಿ. "ಎಲ್ಲಾರೂ ನೋಡ್ತಿದಾರೆ."

ಚಿದಂಬರ ಕೈ ಹಿಂದಕ್ಕೆ ತೆಗೆದುಕೊಂಡ. ಬೆರಳಿಗೆ ಹಿಟ್ಟು ಮೆತ್ತಿತ್ತು.

ಚಾಮರಾಜಪೇಟೆಯ ಆ ಫ್ಲೋರ್ ಮಿಲ್ಲಿನ ಗೋಡೆಗೆ ಪಾಲಿಕೆ ಚುನಾವಣೆಯ ಹಾಳೆ ಅಂಟಿಸಿ ವಾರವಾಗಿತ್ತು. ವಾರ್ಡಿನ ನಾಲ್ಕು ಅಭ್ಯರ್ಥಿಗಳಿಗೆ ನಾಲ್ಕು ಅಂಕಣ, ಎಲ್ಲರಿಗೂ ಅವೇ ಐದು ಪ್ರಶ್ನೆ. ಮಳೆ ಬಂದರೆ ಯಾವ ಕ್ರಾಸಿನಲ್ಲಿ ನೀರು ನಿಲ್ಲುತ್ತದೆ, ಏಕೆ ನಿಲ್ಲುತ್ತದೆ, ಇಂಥವು. ಯಾರಿಗೆ ಓಟು ಹಾಕಬೇಕೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಹಿಟ್ಟಾಗುವವರೆಗೆ ಜನ ಹೇಗೂ ಗೋಡೆ ನೋಡುತ್ತಾ ನಿಲ್ಲುತ್ತಾರೆ. ಓದಲಿ ಎಂದು ರುದ್ರಾಣಿಯ ಲೆಕ್ಕ. ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ತಂದು, ಫೋಟೊ ಸಮೇತ ಒಂದೊಂದಾಗಿ ನೋಡಿ, ಆಸ್ತಿ ಮತ್ತು ಕೇಸುಗಳ ವಿವರ ಇಳಿಸಿಕೊಂಡವಳೂ ಅವಳೇ. ಅಚ್ಚು ಹಾಕಿಸುವ ಓಡಾಟ ರಾಮಾನುಜರದು. ಅವರು ಎನ್.ಆರ್. ಕಾಲೋನಿಯ ನಿವೃತ್ತ ಬ್ಯಾಂಕ್ ಗುಮಾಸ್ತರು.

ಇಬ್ಬರದೂ ಒಂದೇ ನಿಯಮ. ಅಭ್ಯರ್ಥಿ ತಾನೇ ಬಂದು, ಇಬ್ಬರ ಎದುರು ಕುಳಿತು, ಸ್ವಂತ ಕೈಯಿಂದ ಉತ್ತರ ಬರೆಯಬೇಕು. ಹಿಂದಿನ ಸಲ ಪಕ್ಷದ ಕಚೇರಿಗಳು ಟೈಪ್ ಮಾಡಿಸಿ ಕಳಿಸಿದ ಉತ್ತರ ಅಕ್ಕಪಕ್ಕದ ಮೂರು ವಾರ್ಡಿಗೂ ಒಂದೇ ಆಗಿತ್ತು. ಈ ವಾರ್ಡಿನಲ್ಲಿ ಇಲ್ಲದ ಕೆರೆಯ ಹೂಳು ತೆಗೆಸುವ ಭರವಸೆಯೂ ಅದರಲ್ಲಿತ್ತು.

ಈ ಸಲ ಮೂವರು ಬಂದು ಬರೆದಿದ್ದರು. ಮೂರನೆಯ ಅಂಕಣದಲ್ಲಿ ಮಾತ್ರ ಐದು ಕಡೆಯೂ 'ಉತ್ತರ ಬಂದಿಲ್ಲ'. ಜನ ಅದನ್ನು ಚಿದಂಬರನ ಅಂಕಣವೆಂದೇ ಕರೆಯುತ್ತಿದ್ದರು. ಬ್ಯಾನರುಗಳಲ್ಲೆಲ್ಲ ಅವನ ಮುಖವೇ ದೊಡ್ಡದು. ಪ್ರಚಾರದ ಆಟೋದ ಮೈಕಿನಲ್ಲಿ ಅವನ ಹೆಸರೇ ಮೊದಲು.

ಚಿದಂಬರ ಜೇಬಿನಿಂದ ಮಡಿಚಿದ ಕಾಗದ ತೆಗೆದ. "ಉತ್ತರ ಟೈಪ್ ಮಾಡಿಸ್ಕೊಂಡೇ ಬಂದಿದೀನಿ. ಅಂಟಿಸ್ಬಿಡಿ."

"ಅಭ್ಯರ್ಥಿ ಬಂದು ಬರೀಬೇಕು."

"ನಾನು ಬಂದು ನಿಂತಿಲ್ವೇನಕ್ಕ?"

"ಬಂದಿದೀರಿ. ಕಾಗದ ವಾಪಸ್ ತಗೊಳ್ಳಿ."

ಅವನು ಹತ್ತಿರ ಬಂದು ದನಿ ತಗ್ಗಿಸಿದ. ಮಿಲ್ಲಿನ ಲೈಸೆನ್ಸ್ ಮುಂದಿನ ತಿಂಗಳು ಮುಗಿಯುತ್ತದೆಂದು ಅವನಿಗೆ ಗೊತ್ತಿತ್ತು. ಧೂಳು, ಸದ್ದು ಎಂದು ಪಕ್ಕದ ಮನೆಯವರ ಹೆಸರಲ್ಲಿ ಒಂದು ಅರ್ಜಿ ಸಾಕು. ಅಭ್ಯರ್ಥಿಗಳನ್ನೆಲ್ಲ ಮಿಲ್ಲಿನ ಮುಂದೆ ಕೂರಿಸುವ ಭಾನುವಾರದ ಸಭೆಗೆ ಮುಂಚೆ ಅಂಕಣ ತುಂಬಿರಬೇಕು, ಇಲ್ಲವೇ ಹಾಳೆ ಇಳಿಯಬೇಕು. ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷ ಆ ಮಿಲ್ಲೇ ರುದ್ರಾಣಿಗೆ ಅನ್ನ ಹಾಕಿತ್ತು. ಅವಳು ಮತ್ತೆ ಸ್ವಿಚ್ ಒತ್ತಿದಳು.

ರಾಮಾನುಜರಿಗೆ ಇನ್ನೊಂದು ಚಿಂತೆ. ನೀಲಿ ಸೀರೆಯ ಒಬ್ಬ ಹೆಂಗಸು ಅದೇ ವಾರ ಮೂರು ಸಲ ಬಂದಿದ್ದಳು. ಮೊದಲು ರಾಗಿ, ಆಮೇಲೆ ಗೋಧಿ, ಮೂರನೆಯ ಸಲ ಬರೀ ಅರ್ಧ ಕೆಜಿ ಅಕ್ಕಿ. ಹಿಟ್ಟು ಆದ ಮೇಲೂ ಹಾಳೆಯ ಮುಂದೆಯೇ ನಿಲ್ಲುತ್ತಿದ್ದಳು. ನೀರು ಯಾವ ಕ್ರಾಸಿನಲ್ಲಿ ನಿಲ್ಲುತ್ತದೆಂದು ಗಿರಾಕಿಗಳು ವಾದಿಸುತ್ತಿದ್ದಾಗ, ಐದನೇ ಕ್ರಾಸ್, ಮೋರಿಯ ಮೇಲೆಯೇ ಟ್ರಾನ್ಸ್‌ಫಾರ್ಮರ್ ಕಟ್ಟೆ ಕಟ್ಟಿದ್ದಾರೆ ಎಂದು ಮೆಲ್ಲಗೆ ಹೇಳಿ, ಹೇಳಿದ್ದೇ ತಪ್ಪಾಯಿತೇನೋ ಎಂಬಂತೆ ಡಬ್ಬ ಎತ್ತಿಕೊಂಡು ಹೊರಟಳು. ಹೋಗುವಾಗ ಹಾಳೆಯ ಪಕ್ಕದಲ್ಲಿಟ್ಟಿದ್ದ ಖಾಲಿ ಪ್ರಶ್ನೆಪತ್ರವೊಂದನ್ನು ಡಬ್ಬದ ಮುಚ್ಚಳದಡಿ ಸೇರಿಸಿಕೊಂಡಳು.

"ಚಿದಂಬರನ ಗೇಟಿಂದ ಆಕೆ ಹೊರಗೆ ಬರೋದನ್ನ ಕಣ್ಣಾರೆ ಕಂಡಿದೀನಿ," ಎಂದರು ರಾಮಾನುಜ. "ಸುದ್ದಿ ಮುಟ್ಟಿಸೋಕೆ ಮನೆ ಕೆಲಸದವಳನ್ನ ಕಳಿಸ್ತಿದಾನೆ. ಒಳಗೆ ಬಿಟ್ಕೋಬೇಡಿ."

ರುದ್ರಾಣಿ ಆ ಹೆಂಗಸನ್ನು ಮೊದಲ ದಿನವೇ ಸರಿಯಾಗಿ ನೋಡಿದ್ದಳು. "ಹಿಟ್ಟಿಗೆ ಬಂದವರನ್ನ ಯಾಕೆ ಬಂದ್ರಿ ಅಂತ ಕೇಳೋಕಾಗುತ್ತಾ ಸಾರ್," ಎಂದಳಷ್ಟೆ.

ಭಾನುವಾರ ಹತ್ತು ಗಂಟೆಗೆ ಮಿಲ್ಲಿನ ಮುಂದೆ ಶಾಮಿಯಾನ. ನೂರು ಜನ ಸೇರಿದ್ದರು. ಎದುರಿಗೆ ನಾಲ್ಕು ಕುರ್ಚಿ, ಪಕ್ಕದ ಹಲಗೆಗೆ ಅದೇ ಹಾಳೆ. ಮೂವರು ಅಭ್ಯರ್ಥಿಗಳು ಆಗಲೇ ಕುಳಿತಿದ್ದರು. ಚಿದಂಬರ ಹತ್ತು ಜನರೊಂದಿಗೆ ಬಂದು, ಕೈ ಮುಗಿದು, ಮೂರನೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ.

"ಆ ಕುರ್ಚಿ ಅಭ್ಯರ್ಥಿಗೆ," ಎಂದಳು ರುದ್ರಾಣಿ. "ನೀವು ಜನರ ಜೊತೆ ಕೂತ್ಕೊಳ್ಳಿ."

ಅವನ ಹಿಂಬಾಲಕರು ನಕ್ಕರು. "ಈ ವಾರ್ಡಲ್ಲಿ ಯಾರು ನಿಂತಿರೋದು ಅಂತ ಎಳೇ ಮಗೂನ ಕೇಳಿದ್ರೂ ಹೇಳುತ್ತೆ," ಎಂದ ಚಿದಂಬರ.

"ಮಗೂಗೆ ಓಟಿಲ್ಲ."

ಈಗ ನಕ್ಕವರು ಜನ. ಚಿದಂಬರ ಮುಂದಕ್ಕೆ ಬಾಗಿದ. "ಲೈಸೆನ್ಸ್ ವಿಷಯ ನೆನಪಿದೆ ತಾನೇ?"

ರುದ್ರಾಣಿ ಮೈಕನ್ನು ಅವನ ಬಾಯಿಗೆ ಹಿಡಿದಳು. "ನೆನಪಿದೆ. ಇದರಲ್ಲಿ ಹೇಳಿ. ಹೋದರೆ ಮಿಲ್ಲು ಹೋಗುತ್ತೆ. ಯಾಕೆ ಹೋಯ್ತು ಅಂತ ಇವರಿಗೂ ಗೊತ್ತಿರಲಿ."

ಚಿದಂಬರ ಮೈಕನ್ನು ಪಕ್ಕಕ್ಕೆ ತಳ್ಳಿದ; ಕುರ್ಚಿಯನ್ನು ಮಾತ್ರ ಬಿಡಲಿಲ್ಲ.

ಹಿಂದಿನ ಸಾಲಿನಿಂದ ನೀಲಿ ಸೀರೆಯ ಹೆಂಗಸು ಎದ್ದು ಬಂದಳು. ಕೈಯಲ್ಲಿ ಅದೇ ಸ್ಟೀಲ್ ಡಬ್ಬ. ರಾಮಾನುಜ ತಡೆಯಲು ಹೊರಟರು. ರುದ್ರಾಣಿ ಅವರ ತೋಳು ಹಿಡಿದಳು. ಹೆಂಗಸು ಡಬ್ಬದಿಂದ ಖಾಲಿ ಪ್ರಶ್ನೆಪತ್ರ ತೆಗೆದಳು.

"ಇಬ್ಬರ ಎದುರಿಗೆ ಬರೀಬೇಕು ಅಲ್ವಾ? ಇಲ್ಲಿ ನೂರು ಜನ ಇದಾರೆ. ಪೆನ್ನು ಕೊಡಿ."

"ಹಂಸಾ, ಮನೆಗೆ ನಡಿ," ಎಂದ ಚಿದಂಬರ, ಹಲ್ಲು ಕಚ್ಚಿ.

"ಬರ್ತೀನಿ, ಇದು ಮುಗಿಸ್ಕೊಂಡು. ನೀವು ಏಳಿ."

ಅದು ಮಹಿಳಾ ಮೀಸಲು ವಾರ್ಡು. ಮೂರನೆಯ ಅಂಕಣದ ನೆತ್ತಿಯಲ್ಲಿ ಅಚ್ಚಾಗಿದ್ದದ್ದು ಹಂಸಾಳ ಹೆಸರು, ಚಿದಂಬರನ ಹೆಸರಿದ್ದದ್ದು ನಾಮಪತ್ರದಲ್ಲಿ ಒಂದೇ ಕಡೆ, ಗಂಡನ ಹೆಸರು ಬರೆಯುವ ಜಾಗದಲ್ಲಿ.