ಕಪ್ತಾನನಿಗೆ ಕಾದ ಅಜ್ಜ

ಯುದ್ಧದಲ್ಲಿ ಮುಳುಗಿದ ಹಡಗಿನವರು ಸಾಯದೆ, ಕಡಲ ತಳದಲ್ಲೇ ಕೆಲಸ ಮಾಡಿಕೊಂಡಿರುತ್ತಿದ್ದ ಒಂದು ಕಾಲವಿತ್ತು. ಆ ಕಾಲದಲ್ಲಿ ನಾನು, ಅಜ್ಜನನ್ನು ಕರೆತರುತ್ತೇನೆಂದು ಅಜ್ಜಿಗೆ ಮಾತು ಕೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದು ಕಾರವಾರದ ಕಡಲಿಗೆ ಧುಮುಕಿದೆ.

ಹಡಗಿನ ಬಾಯ್ಲರ್ ಕೋಣೆಯಲ್ಲಿ ಗಣಪಜ್ಜ ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದ. ಒಲೆಯೊಳಗಿಂದ ಮೀನುಗಳು ಬೇಸರಪಟ್ಟು ಹೊರಬರುತ್ತಿದ್ದವು.

“ಯುದ್ಧ ಮುಗೀತು, ಅಜ್ಜಾ. ನಡಿ ಮನೆಗೆ.”

“ಕಪ್ತಾನ ಹೇಳದೆ ನಾ ಸಲಿಕೆ ಕೆಳಗೆ ಇಡೂದಿಲ್ಲ, ತಂಗೀ.”

“ಬೇಡ ಬಿಡು. ನೀ ಬರದಿದ್ರೆ ತಾನೇ ಇಳಿದು ಬರ್ತಾಳಂತೆ ಅಜ್ಜಿ. ಮೇಲೆ ದೋಣೀಲಿ ಸೆರಗು ಕಟ್ಕೊಂಡು ನಿಂತಾಳೆ.”

“ನಿನ್ನಜ್ಜಿ ಸುಕ್ರಿ ಇಳೀತಾಳಾ? ಅವಳಿಗೆ ಈಜು ಎಲ್ಲಿ ಬರ್ತದೆ, ಮಾರಾಯ್ತಿ!”

ಸಲಿಕೆ ಬಿಸಾಕಿ ಅಜ್ಜ ನನಗಿಂತ ಮುಂದೆ ಮೇಲಕ್ಕೆ ಈಜಿದ. ನಾನು ನೀರಿಂದ ತಲೆ ಎತ್ತುವಷ್ಟರಲ್ಲಿ, ದೋಣಿಯಲ್ಲಿ ತೊಯ್ದು ಕೂತು ಅಜ್ಜಿಯ ಬೈಗುಳ ಕೇಳುತ್ತಿದ್ದ.