ಗಾಜಿನ ಪೆಟ್ಟಿಗೆಯ ತಾಳಿ

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲು ಉಕ್ಕಿತು. ಅಮೃತಾ ನೋಡುತ್ತ ನಿಂತಿದ್ದಳು. ಅತ್ತೆ ನಾಗಲಿಂಗಮ್ಮ ಬಂದು ಒಲೆ ಆರಿಸಿದಳು. ಅಷ್ಟರಲ್ಲಿ ಫೋನು ಬಂತು.

ವಿಶ್ವವಿದ್ಯಾಲಯದ ಗ್ಯಾಲರಿಯ ಮುಖ್ಯಸ್ಥ ಗವಿಸಿದ್ದೇಶ್. ಅವಳ ಗಂಡ ಬಸವೇಶನ ಸಾವಿಗೆ ದುಃಖ ಹೇಳಿ, ಗಂಟಲು ಸರಿಮಾಡಿಕೊಂಡರು.

"ಈ ಹೊತ್ತಿನಾಗ ಕೇಳಬಾರದವ್ವಾ. ಪ್ರದರ್ಶನಕ್ಕ ತಂದಿದ್ದ ತಂಬ್ರಹಳ್ಳಿ ಭರಮಮ್ಮನ ತಾಳಿ ಮೊನ್ನೆ ವಾಪಸ್ ಕಳಿಸಿದ್ವಿ. ಆಕಿ ತಿರುವಿ ನೋಡಿ, ಇದು ನಮ್ಮದಲ್ಲ ಅಂತ ಒಗದಾಳ. ಅಕ್ಕಸಾಲಿಗನೂ ನೋಡಿದ. ಹಿತ್ತಾಳಿ. ಮ್ಯಾಲೆ ಬಂಗಾರದ ನೀರು."

"ಗಾಜಿನ ಪೆಟ್ಟಿಗ್ಯಾಗ ಇದ್ದದ್ದಾ?"

"ಅದ. ಬೀಗದ ಕೈ ಬಸವೇಶನ ಹತ್ರ ಮಾತ್ರ ಇತ್ತು. ಭರಮಮ್ಮನ ಮನಿಯವರು ಸ್ಟೇಷನ್ನಿಗೆ ಹೋಗ್ತೀವಿ ಅಂತಾರ. ಸತ್ತವನ ಹೆಸರು ಪೇಪರಿನ್ಯಾಗ ಕಳ್ಳ ಅಂತ ಬರೋದು ಬ್ಯಾಡ. ಆಕಿ ಮೊಮ್ಮಗಳ ಮದುವಿ ಬಂತು. ಅದರೊಳಗ ಹುಡುಕವ್ವಾ."

ಕೇಳುತ್ತ ಅವಳ ಹೆಬ್ಬೆರಳು ಕೊರಳ ಕೆಳಗೆ ಹೋಗಿ, ಸುಮ್ಮನೆ ಕೆಳಗಿಳಿಯಿತು.

ಮದುವೆ ಮನೆಯ ಹಳೆಯ ವಸ್ತುಗಳ ಪ್ರದರ್ಶನ ಅದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಮನೆಗಳಿಂದ ಎರವಲು ತಂದು, ಮೊನ್ನೆಯವರೆಗೂ ಗ್ಯಾಲರಿಯಲ್ಲೇ ಇಟ್ಟಿದ್ದರು. ವಿನ್ಯಾಸ ಬಸವೇಶನದು. ವಸ್ತುಗಳ ಪಕ್ಕದ ಬರಹ ಅಮೃತಾಳದು. ಆಗ ಅವಳಿನ್ನೂ ವಿದ್ಯಾರ್ಥಿನಿ, ಅವರ ಮದುವೆ ಆಗಿರಲಿಲ್ಲ. ಭರಮಮ್ಮನ ಮನೆಯಲ್ಲಿ, ಮುತ್ತೈದೆಯಾಗಿ ಸತ್ತವಳ ತಾಳಿಯನ್ನು ಮನೆದೇವರು ಬೀರಪ್ಪನ ಪೆಟ್ಟಿಗೆಯಲ್ಲಿಟ್ಟು ಮುಂದಿನ ಮದುಮಗಳಿಗೆ ಕಟ್ಟುವ ಪದ್ಧತಿ. ಅಮೃತಾ ಬರೆದಿದ್ದಳು: 'ಈ ತಾಳಿ ಕಟ್ಟಿಸಿಕೊಂಡ ಯಾವ ಹೆಣ್ಣೂ ಗಂಡನನ್ನು ಕಳೆದುಕೊಂಡಿಲ್ಲ ಎಂಬುದು ಈ ಕುಟುಂಬದ ನಂಬಿಕೆ.'

ಆ ಚೀಟಿ ಅಂಟಿಸುವಾಗ ಬಸವೇಶ ಕೈ ತಡೆದಿದ್ದ. "ಖರೇ ಏನು ಇದು?"

"ನಂಬಿಕಿ ಅಂತ ಬರದೀನಿ, ಓದು."

ಅವನು ಇನ್ನೊಮ್ಮೆ ಓದಿದ್ದ.

ಕಪಾಟು, ಕ್ಯಾಮೆರಾ ಚೀಲ, ಶರ್ಟಿನ ಜೇಬು. ಅಮೃತಾ ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದಳು. ಓರಗಿತ್ತಿ ಭಾಗ್ಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಜೇಬು ಈಗ ನೋಡ್ತೀ ಏನು? ಜೀವ ಇದ್ದಾಗ ನೋಡಬೇಕಿತ್ತು."

ಅಮೃತಾ ಇನ್ನೊಂದು ಜೇಬು ತಿರುವಿದಳು.

"ತಾಳಿ ಕದ್ದವ ಕಪಾಟಿನ್ಯಾಗ ಇಡ್ತಾನಾ? ಯಾವಾಕಿ ಕೊರಳಿಗೆ ಕಟ್ಟ್ಯಾನೋ. ನೀ ಬರೇ ಪುಸ್ತಕ ಓದಿಕೋತ ಕುಂತಿ."

ಅಮೃತಾ ತಂಬ್ರಹಳ್ಳಿಗೆ ಫೋನು ಮಾಡಿದಳು. ನಿಮ್ಮದಲ್ಲ ಅಂತ ಹೆಂಗ ಗೊತ್ತಾತ್ರಿ ಎಂದು ಕೇಳಿದಳು.

"ಹಿಂದ ಹಲ್ಲಿನ ಗುರುತು ಐತವ್ವಾ," ಎಂದಳು ಭರಮಮ್ಮ. "ನಮ್ಮತ್ತಿ ಹೆರಿಗಿ ನೋವಿನಾಗ ಕಚ್ಚಿದ್ದು. ಸಣ್ಣ ತಗ್ಗು. ಉಗುರು ಇಟ್ಟರ ಕೂಡತೈತಿ. ಫೋಟೋದಾಗ ಕಾಣೂದಿಲ್ಲ."

ಅಮೃತಾ ಫೋನು ಇಟ್ಟಳು. ಹಾಸಿಗೆಯ ಮೇಲಿನ ರಾಶಿಯನ್ನು ಹಾಗೆಯೇ ಬಿಟ್ಟು ದೇವರ ಕೋಣೆಗೆ ಹೋದಳು. ಜಗುಲಿಯ ಮೂಲೆಯಲ್ಲಿ ಬಿಳಿ ಬಟ್ಟೆಯ ಗಂಟೊಂದಿತ್ತು.

"ಅದನ್ನ ಮುಟ್ಟಬ್ಯಾಡವ್ವಾ," ನಾಗಲಿಂಗಮ್ಮ ಓಡಿ ಬಂದಳು. "ಹೊಳಿಗೆ ಬಿಡೂದೈತಿ. ಯಾರೂ ನೋಡೂದು ಬ್ಯಾಡ."

ಅಮೃತಾ ಗಂಟು ಬಿಚ್ಚಿ, ತಾಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂಬದಿಗೆ ಉಗುರು ಇಟ್ಟಳು. ಕೂತಿತು.

"ಇದು ನಮ್ಮದಲ್ಲರಿ ಅತ್ತಿ."

ನಾಗಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿಂದೆಯೇ ಬಂದಿದ್ದ ಭಾಗ್ಯ ಹೊಸ್ತಿಲಲ್ಲೇ ನಿಂತಳು.

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ತಂಬ್ರಹಳ್ಳಿಗೆ ಇನ್ನೊಂದು. ಭರಮಮ್ಮನ ಮನೆಯ ಮುಂದೆ ಹಂದರ ಏಳುತ್ತಿತ್ತು.

"ಅಲ್ಲೇ ನಿಲ್ಲವ್ವಾ," ಭರಮಮ್ಮ ಹೊಸ್ತಿಲಿಂದಲೇ ಕೈ ಎತ್ತಿದಳು. "ತಪ್ಪು ತಿಳಕೋಬ್ಯಾಡ. ಮದುವಿ ಮನಿ. ಈಗ ನೀನು ಒಳಗ ಬರೂದು ಚಲೋ ಅಲ್ಲ."

"ಗೊತ್ತೈತ್ರಿ."

"ಕೈಯಾಗ ಕೊಡಬ್ಯಾಡ. ತಾಟಿನ್ಯಾಗ ಇಡು."

ಅಮೃತಾ ಬಾಗಿ ತಾಟಿನಲ್ಲಿಟ್ಟು ಹಿಂದೆ ಸರಿದಳು. ಭರಮಮ್ಮ ಅವಳು ಮುಟ್ಟಿದ್ದನ್ನು ಹಾಲಿನಲ್ಲಿ ತೊಳೆದಳು, ಅರಿಶಿನ ನೀರಿನಲ್ಲಿ ತೊಳೆದಳು. ಆಮೇಲೆ ತಿರುವಿ ಹಿಂಬದಿಗೆ ಉಗುರು ಇಟ್ಟಳು. ಮುಖ ಸಡಿಲಾಯಿತು.

"ನಮ್ಮತ್ತೀದ. ನಿನ್ನ ಗಂಡ ಕಳ್ಳ ಅಲ್ಲ ಬಿಡವ್ವಾ. ಇನ್ನ ಸ್ಟೇಷನ್ನಿನ ಮಾತಿಲ್ಲ. ಎಲ್ಲಿತ್ತು?"

"ನಮ್ಮ ಮನಿಯಾಗ, ಜ್ವಾಪಾನ ಇತ್ರಿ."

ಒಳಗಿನಿಂದ ಮದುಮಗಳು ಕೀರ್ತನಾ ಬಂದಳು. ಮೈತುಂಬ ಅರಿಶಿನ. ಕೈಯಲ್ಲಿ ಮೊಬೈಲು, ಅದರಲ್ಲಿ ಗ್ಯಾಲರಿಯ ಚೀಟಿಯ ಫೋಟೋ.

"ಇದನ್ನ ಬರದಾಕಿ ನೀವ ಅಲ್ಲೇನ್ರಿ ಅಕ್ಕಾ? ನಮ್ಮ ಹುಡುಗಗೂ ಕಳಿಸೀನಿ. ನಿನಗ ನೂರು ವರ್ಷ ಗ್ಯಾರಂಟಿ ಅಂತ ಚ್ಯಾಷ್ಟಿ ಮಾಡೀನಿ." ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಖರೇ ಏನ್ರಿ ಇದು?"

ಅಮೃತಾ ಚಪ್ಪಲಿ ಮೆಟ್ಟಿಕೊಂಡಳು.

"ನಂಬಿಕಿ ಅಂತ ಬರದೀನಿ, ಓದವ್ವಾ."

ಭರಮಮ್ಮ ತಾಳಿಯನ್ನು ಕಣ್ಣಿಗೊತ್ತಿಕೊಂಡು, ಅಳತೆ ನೋಡಲು ಮೊಮ್ಮಗಳ ಕೊರಳಿಗೆ ಹಿಡಿದಳು.

ಬಸವೇಶನನ್ನು ಮಣ್ಣಿಗೆ ಒಯ್ಯುವ ಮುನ್ನ ನಾಗಲಿಂಗಮ್ಮ ಅದನ್ನು ಬಿಚ್ಚಿ ತೆಗೆದದ್ದು ಅಮೃತಾಳ ಕೊರಳಿನಿಂದ.