ಅಂಗೈಯ ಬಿಸಿ

"ಉಸಿರು ನಿಧಾನಕ್ಕೆ ಒಳಗೆ ತಗೊಳ್ಳಿ. ಹೊಟ್ಟೆಯವರೆಗೂ ಇಳೀಲಿ," ಅಂದರು ಅಂಗೈ ಇಟ್ಟು ಗುಣಪಡಿಸುವ ರೇಕಿ ಮೇಡಂ.

"ಏನೂ ಗೊತ್ತಾಗ್ತಿಲ್ಲ ಮೇಡಂ. ಮಗು ಹೋದಾಗಿನಿಂದ ಈ ಮೈ ನನ್ನದೇ ಅಲ್ಲ," ಅಂದಳು ಎದುರು ಕೂತಿದ್ದ ಹೆಂಗಸು, ಕಣ್ಣು ಮುಚ್ಚಿಕೊಂಡೇ.

ಮೇಡಂ ಸದ್ದಿಲ್ಲದೆ ಅಡುಗೆಮನೆಗೆ ಹೋದರು. ಯಾರೇ ಬಂದರೂ ಮಾಡುವಂತೆ, ಕುದಿಯುವ ನೀರು ತುಂಬಿದ ಚೊಂಬನ್ನು ಎರಡೂ ಅಂಗೈಗಳಿಂದ ಒತ್ತಿ ಹಿಡಿದು, ನೂರು ಎಣಿಸಿ ಬಂದರು. ಅವಳ ಭುಜದ ಮೇಲೆ ಕೈಯಿಟ್ಟರು.

ಅವಳು ಬಿಕ್ಕಿದಳು. "ಬಿಸಿ ಗೊತ್ತಾಗ್ತಿದೆ. ನಿಮಗೂ ಗೊತ್ತಾಗುತ್ತಾ ಮೇಡಂ?"

"ಗೊತ್ತಾಗದೆ ಏನಮ್ಮಾ."

ಆ ಕೈಗಳನ್ನು ಕಣ್ಣಿಗೊತ್ತಿಕೊಳ್ಳಬೇಕೆಂದು ಅವಳು ಹಿಡಿದುಕೊಂಡು ಕಣ್ಣು ತೆರೆದಳು.

"ಮೇಡಂ, ಕೈ ಸುಟ್ಟಿದೆ. ಬೊಬ್ಬೆ ಎದ್ದು ಒಡೆದುಹೋಗಿದೆ."

ಮೇಡಂ ಕೇಳಿದರು: "ಯಾವ ಕೈ?"